ಸೂತಕವಿಲ್ಲದ ಮನೆ

ನಮ್ಮ ಬೆಲ್ಲದ ಬಾಗೇವಾಡಿಯಲ್ಲಿ ಮೈಕು ಕಂಡರೆ ಬಿಡದವರು ಇಬ್ಬರು. ಒಬ್ಬ ಗೊಬ್ಬರದ ಅಂಗಡಿಯ ಸತ್ತೆಪ್ಪ, ಇನ್ನೊಬ್ಬ ನಾನು, ನಿವೃತ್ತ ಹೆಡ್‌ಮಾಸ್ತರ ಶಿದ್ರಾಮ. ಸತ್ತೆಪ್ಪನಿಗೆ ಎರಡು ಮಾತು ಆಡಿದರೆ ಮೂರನೆಯದು ಸಿಗುವುದಿಲ್ಲ. ನನಗೆ ಆ ತೊಂದರೆ ಇಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನಾಲಿಗೆ ಇದು. ಶ್ರಾವಣದ ಪ್ರವಚನವಿರಲಿ, ಬಸವ ಜಯಂತಿಯಿರಲಿ, ನನ್ನನ್ನು ಕರೆಯದೆ ಆಗುವುದಿಲ್ಲ. ಅದರಲ್ಲೂ ಒಂದು ಭಾಷಣ ಹುಕ್ಕೇರಿ ತಾಲೂಕಿನ ತುಂಬ ಹೆಸರಾಗಿತ್ತು. ಶರಣರು ಐದು ಸೂತಕಗಳನ್ನು ಹೇಗೆ ತಳ್ಳಿಹಾಕಿದರು ಎಂಬುದು ಅದರ ವಿಷಯ. ಹುಟ್ಟಿನ ಸೂತಕ, ಸಾವಿನ ಸೂತಕ, ಜಾತಿಯದು, ಎಂಜಲಿನದು, ಹೆಣ್ಣಿನ ಮುಟ್ಟಿನದು. ಲಿಂಗ ಕಟ್ಟಿದವರಿಗೆ ಇವು ಯಾವುವೂ ಇಲ್ಲ ಎಂದು ಮೇಜು ಗುದ್ದಿದಾಗ ಹೆಂಗಸರು ಕುಳಿತ ಕಡೆಯಿಂದ ಚಪ್ಪಾಳೆ ಬೀಳುತ್ತಿತ್ತು. ನಾನು ಆ ಕಡೆಗೆ ತಿರುಗಿಯೇ ಮೇಜು ಗುದ್ದುತ್ತಿದ್ದೆ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನ್ನ ಮನೆಯಲ್ಲಿ ಹಿತ್ತಿಲ ಬಾಗಿಲ ಬಳಿ ಒಂದು ಸಣ್ಣ ಕೋಣೆ ಇದೆ. ನನ್ನ ಹೆಂಡತಿ ಗೌರವ್ವ ಮುಟ್ಟು ನಿಲ್ಲುವವರೆಗೂ ತಿಂಗಳಿಗೆ ಮೂರು ದಿನ ಅಲ್ಲಿಯೇ ಕುಳಿತಳು. ಮೊದಲು ನನ್ನ ತಾಯಿ ಕೂರಿಸಿದಳು. ತಾಯಿ ತೀರಿದ ಮೇಲೆ ಯಾರೂ ಹೇಳದಿದ್ದರೂ ತಾನೇ ಕುಳಿತಳು. ನಾನು ಊರೂರು ತಿರುಗಿ ಭಾಷಣ ಮಾಡಿ ಬಂದು, ಹಾರ ತೆಗೆದು ಗೂಟಕ್ಕೆ ಹಾಕಿ, ನೆರೆಮನೆಯವರು ಮಾಡಿಕೊಟ್ಟದ್ದನ್ನು ತೆಪ್ಪಗೆ ಉಣ್ಣುತ್ತಿದ್ದೆ. ಒಂದು ದಿನವಾದರೂ "ಏಳು, ಒಳಗೆ ಬಾ" ಎಂದವನಲ್ಲ.

ಆಮೇಲೆ ಸೊಸೆ ಬಂದಳು. ನನ್ನ ಒಬ್ಬನೇ ಮಗ ಉಮೇಶ ನಿಡಸೋಸಿಯ ಕಾಲೇಜಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ತುಕ್ಕಾನಟ್ಟಿಯ ಲಕ್ಕಪ್ಪನ ಮಗಳು ಲಕ್ಷ್ಮಿಯನ್ನು ತಂದುಕೊಂಡೆವು. ಬಿ.ಎಡ್. ಮಾಡಿದ ಹುಡುಗಿ, ಹುಕ್ಕೇರಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮಾತೆಂದರೆ ಅರಳು ಹುರಿದ ಹಾಗೆ. ಬಂದ ಮೂರನೇ ತಿಂಗಳಿಗೇ ನನಗೆ ಊಟಕ್ಕೆ ಬಡಿಸುತ್ತ ಕೇಳಿದಳು.

"ಮಾವಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಭಾಷಣದಾಗ ಸೂತಕ ಇಲ್ಲ ಅಂತೀರಿ. ಹಿತ್ತಲ ಕ್ವಾಣ್ಯಾಗ ಐತೆಲ್ರಿ?"

"ಅದು ಹೆಂಗಸರ ಕಾರಭಾರ," ಎಂದೆ. "ನಿಮ್ಮ ಅತ್ತೀನ್ನ ಕೇಳವಾ."

ಅವಳು ನಕ್ಕು ಒಳಗೆ ಹೋದಳು. ಆ ನಗು ನನಗೆ ಎರಡು ದಿನ ಚುಚ್ಚಿತು, ಮೂರನೆಯ ದಿನ ಮರೆತೆ. ಮಾಸ್ತರಿಕೆಯಲ್ಲಿ ಕಲಿತ ದೊಡ್ಡ ವಿದ್ಯೆ ಇದೇ, ಉತ್ತರ ಬಾರದ ಪ್ರಶ್ನೆಯನ್ನು ಮರೆತುಬಿಡುವುದು.

ಹೋದ ಶ್ರಾವಣದಲ್ಲಿ ಪ್ರವಚನಕ್ಕೆ ದೂರದೂರಿನ ಒಬ್ಬ ಅಜ್ಜಾರು ಬಂದಿದ್ದರು. ಸ್ವಾಮಿಗಳನ್ನು ನಮ್ಮ ಕಡೆ ಅಜ್ಜಾರು ಎಂದೇ ಕರೆಯುವುದು. ಪ್ರವಚನ ಸಮಿತಿಯ ಅಧ್ಯಕ್ಷ ಸತ್ತೆಪ್ಪ. ಅಜ್ಜಾರನ್ನು ಒಂದು ದಿನ ಮನೆಗೆ ಕರೆದು ಪಾದಪೂಜೆ ಮಾಡಿ, ಪ್ರಸಾದ ಮಾಡಿಸಬೇಕೆಂದು ಗೌರವ್ವನ ಬಹುದಿನದ ಆಸೆ. ಎರಡನೆಯ ಸೋಮವಾರ ಎಂದು ನಿಶ್ಚಯವಾಯಿತು. ಲಕ್ಷ್ಮಿ ಹೊರಗಾಗುವ ದಿನವೂ ಅದೇ ಸುಮಾರಿಗೆ ಬರುತ್ತಿತ್ತು. ಗೌರವ್ವನಿಗೆ ಮೊಣಕಾಲು ನೋವು, ಐವತ್ತು ಜನಕ್ಕೆ ಹೋಳಿಗೆ ಒಬ್ಬಳಿಂದ ಆಗುವುದಿಲ್ಲ. ಸೊಸೆ ಹಿತ್ತಿಲ ಕೋಣೆಯಲ್ಲಿ ಕುಳಿತರೆ ಹೇಗೆ?

ಗೌರವ್ವ ಒಂದು ಖಾಲಿ ಗುಳಿಗೆಯ ಹಾಳೆಯನ್ನು ಕಾಗದದಲ್ಲಿ ಮಡಿಚಿ ನನ್ನ ಕೈಯಲ್ಲಿಟ್ಟಳು. "ಹುಕ್ಕೇರಿಗೆ ಹೊಂಟೀರೆಲ್ಲಾ, ಇಂಥಾವು ತಗೊಂಬರ್ರಿ. ಉಮೇಶಗ ಹೇಳಬ್ಯಾಡ್ರಿ, ಅಂವ ಒದರಾಡತಾನ." ಏತಕ್ಕೆ ಎಂದು ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಹುಕ್ಕೇರಿಯಲ್ಲಿ ಔಷಧದ ಅಂಗಡಿ ಇಟ್ಟಿರುವ ಫಯಾಜ ನನ್ನ ಶಿಷ್ಯ. ಹಾಳೆಯನ್ನು ತಿರುಗಿಸಿ ನೋಡಿ, ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿದ.

"ಸರ, ಇದು ಡಾಕ್ಟರ್ ಚೀಟಿ ಮ್ಯಾಲ ಕೊಡೋ ಗುಳಿಗಿರಿ. ಒಮ್ಮೆ ತೋರಿಸಿದ್ರ ಚಲೋ."

"ಮನ್ಯಾಗ ಕಾರ್ಯ ಐತಿ. ನಾಕೈದ ದಿನಕ್ಕಷ್ಟ."

"ಅವರಿಗೆ ಬ್ಯಾರೆ ಏನರ ತ್ರಾಸ ಐತೇನ್ರಿ? ಬಿಪಿ, ರಕ್ತ ಕಡಿಮಿ..."

ಬಾಜೂ ಇಬ್ಬರು ಗಿರಾಕಿಗಳು ನಿಂತಿದ್ದರು. ನನ್ನ ಕಿವಿ ಬಿಸಿಯಾಯಿತು. "ನಿನಗ ಅಕ್ಷರ ಕಲಿಸಿದಾಂವ ನಾನು. ನನಗ ಸಾಲಿ ಕಲಿಸ್ತೀಯೇನಲೇ?" ಎಂದೆ. ಪಾಪ, ಅವನು ತಲೆ ತಗ್ಗಿಸಿ ಗುಳಿಗೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ.

ಎರಡನೆಯ ಸೋಮವಾರ ಅಜ್ಜಾರಿಗೆ ಬೇರೆ ಊರಿನ ಕರೆ ಬಂತು. ಪೂಜೆ ಮೂರನೆಯ ಸೋಮವಾರಕ್ಕೆ ಹೋಯಿತು. ಗುಳಿಗೆ ನಿಲ್ಲಿಸಿದರೆ ಸರಿಯಾಗಿ ಆ ದಿನವೇ ತೊಡಕು, ಆದ್ದರಿಂದ ನಿಲ್ಲಿಸುವ ಹಾಗಿಲ್ಲ. ಮೂರನೆಯ ಸೋಮವಾರ ಹತ್ತಿರ ಬಂದಾಗ ಮೂಡಲಗಿಯಲ್ಲಿ ನಮ್ಮ ದಾಯಾದಿ ಪರಸಪ್ಪ ತೀರಿಕೊಂಡ. ಹನ್ನೊಂದು ದಿನ ಕಳೆಯದೆ ಪಾದಪೂಜೆ ಬೇಡ ಎಂದಳು ಗೌರವ್ವ. ಸಾವಿಗೆ ಸೂತಕವಿಲ್ಲ ಎಂದು ಮೇಜು ಗುದ್ದುವ ನಾನು, "ಆತು, ಶ್ರಾವಣದ ಕಡೀ ಗುರುವಾರ ಮಾಡೂಣು" ಎಂದೆ. ಐದು ದಿನಕ್ಕೆಂದು ಶುರುವಾದ ಗುಳಿಗೆ ಹೀಗೆ ಇಪ್ಪತ್ತನಾಲ್ಕು ದಿನ ನಡೆಯಿತು. ಇದರ ನಡುವೆ ಶ್ರಾವಣ ಸೋಮವಾರದ ಉಪವಾಸ ಬೇರೆ. ಲಕ್ಷ್ಮಿ ನೀರನ್ನೂ ಮುಟ್ಟದೆ ಶಾಲೆಗೆ ಹೋಗಿ ಆರು ತಾಸು ಪಾಠ ಮಾಡಿ ಬರುತ್ತಿದ್ದಳು.

ಅವಳ ತಲೆನೋವು ಶುರುವಾದದ್ದು ಪೂಜೆಗೆ ಒಂದು ವಾರ ಇರುವಾಗ. ಮೊದಲು ಉಪವಾಸದ ಪಿತ್ತ ಎಂದೆವು. ಆಮೇಲೆ ಕನ್ನಡಕದ ನಂಬರು ಬದಲಾಗಿರಬೇಕು ಎಂದೆವು. ಗೌರವ್ವ ಒಂದು ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿಯನ್ನೂ ತೆಗೆದಳು. ಸಾಮಾನ್ಯ ತಲೆನೋವಾದರೆ ಮಲಗಿದಾಗ ಕಡಿಮೆಯಾಗಬೇಕು. ಇವಳಿಗೆ ಮಲಗಿದರೆ ಹೆಚ್ಚುತ್ತಿತ್ತು. ಗೋಡೆಗೆ ಆತು ಕುಳಿತೇ ನಿದ್ದೆ ಮಾಡುತ್ತಿದ್ದಳು. ಬೆಳಿಗ್ಗೆ ಎದ್ದೊಡನೆ ವಾಂತಿ. ಕೆಮ್ಮಿದರೆ ತಲೆ ಹಿಡಿದುಕೊಂಡು ಕೂರುತ್ತಿದ್ದಳು. ಬಗ್ಗಿ ಎದ್ದರೆ ಒಂದು ಗಳಿಗೆ ಕಣ್ಣಿಗೆ ಕತ್ತಲು ಬರುತ್ತದೆ ಎನ್ನುತ್ತಿದ್ದಳು. ಈಗ ಇದನ್ನೆಲ್ಲ ಪಾಠದ ಹಾಗೆ ಒಪ್ಪಿಸುತ್ತೇನೆ. ಆಗ ನನ್ನ ತಲೆಯ ತುಂಬ ಇದ್ದದ್ದು ಅಜ್ಜಾರ ಮುಂದೆ ಮಾಡಬೇಕಾದ ಸ್ವಾಗತ ಭಾಷಣ.

ಮಂಗಳವಾರ ಬೆಳಿಗ್ಗೆ ಪಡಸಾಲೆಯಲ್ಲಿ ಅದನ್ನೇ ಬರೆಯುತ್ತ ಕುಳಿತಿದ್ದೆ. ಅಡಿಗೆಮನೆಯಿಂದ ಲಕ್ಷ್ಮಿಯ ದನಿ ಕೇಳಿಸಿತು. "ಅತ್ತಿ, ಭಾಳ ನೋಯಾಕತ್ತೈತ್ರಿ. ಗುಳಿಗಿ ಬಿಡ್ಲೇನ್ರಿ?"

"ಇನ್ನೆರಡ ದಿನಾ ತಡಕೋ ನಮ್ಮವ್ವಾ. ಇಷ್ಟ ದಿನಾ ಮಾಡಿದ್ದು ನೀರಾಗ ಹೋಮ ಆಗತೈತಿ."

ನಾನು ಪೆನ್ನು ಎತ್ತಿ ಒಂದು ಕ್ಷಣ ಕೇಳಿಸಿಕೊಂಡೆ. ಆಮೇಲೆ "ಪರಮಪೂಜ್ಯರ ಪಾದಸ್ಪರ್ಶದಿಂದ" ಎಂಬ ಸಾಲನ್ನು ಪೂರ್ತಿ ಮಾಡಿದೆ.

ಅದೇ ಮಧ್ಯಾಹ್ನ ಮೂರನೆಯ ಸಲ ಫಯಾಜನ ಅಂಗಡಿಗೆ ಹೋದೆ. ಅವನು ಗುಳಿಗೆಯನ್ನು ತಕ್ಷಣ ತೆಗೆಯಲಿಲ್ಲ.

"ಸರ, ಮೂರ ವಾರದ ಮ್ಯಾಲ ಆತ್ರಿ. ಬೈದ್ರ ಬೈರಿ, ಕೇಳ್ತೇನಿ. ತಲಿಬ್ಯಾನಿ, ಕಣ್ಣ ಮಂಜ ಆಗೋದು, ಕಾಲ ಬಾವ ಬರೋದು, ಏನರ ಐತೇನ್ರಿ?"

"ಏನಿಲ್ಲ," ಎಂದೆ.

ಹುಡುಗ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. ಮಾಸ್ತರ ತಪ್ಪು ಉತ್ತರ ಹೇಳಿದ. ಆದರೂ ಇದೊಂದೇ ಆಗಿದ್ದರೆ ಅಜ್ಞಾನ ಎನ್ನಬಹುದಿತ್ತೇನೋ. ಮುಂದಿನದಕ್ಕೆ ಆ ಹೆಸರೂ ಕೊಡಲಾಗದು.

ಗುರುವಾರ ಬೆಳಿಗ್ಗೆ ಏಳಕ್ಕೆಲ್ಲ ಮನೆ ತುಂಬ ಜನ. ಅಜ್ಜಾರು ಹತ್ತಕ್ಕೆ ಬರುವವರಿದ್ದರು. ಲಕ್ಷ್ಮಿ ಹೋಳಿಗೆ ಲಟ್ಟಿಸುತ್ತಿದ್ದಳು. ಕೈಯಿಂದ ಲಟ್ಟಣಿಗೆ ಎರಡು ಸಲ ಜಾರಿ ಬಿತ್ತಂತೆ. "ಅತ್ತಿ, ಆ ಕುರ್ಚಿ ಕೊಡ್ರಿ," ಎಂದಳಂತೆ. "ಯಾವ ಕುರ್ಚಿ?" ಎಂದು ಗೌರವ್ವ ಕೇಳಿದರೆ ಲಟ್ಟಣಿಗೆಯ ಕಡೆ ಕೈಮಾಡಿ ಮತ್ತೆ "ಕುರ್ಚಿ, ಕುರ್ಚಿ" ಎಂದಳಂತೆ. ಅಷ್ಟರಲ್ಲಿ ಬಲಗೈ ತಾನಾಗಿಯೇ ಜಗ್ಗತೊಡಗಿತು, ನೋಡನೋಡುತ್ತ ಮೈಯೆಲ್ಲ ಸೆಟೆದು ನಡುಗಿತು. ನಾನು ಒಳಗೆ ಓಡಿದಾಗ ಬಾಯಲ್ಲಿ ನೊರೆ, ಹಣೆಯ ತುಂಬ ಹಿಟ್ಟು. ಯಾರೋ ಕೈಯಲ್ಲಿ ಕಬ್ಬಿಣ ಕೊಡಿರೆಂದರು, ಯಾರೋ ಈರುಳ್ಳಿ ಮೂಸಿಸಿದರು. ಉಮೇಶ ಅವಳನ್ನು ಎತ್ತಿಕೊಂಡು ಸತ್ತೆಪ್ಪನ ಕಾರಿನಲ್ಲಿ ಹಾಕಿದ. ಗೌರವ್ವ ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊರಟಳು. "ನೀ ಇಲ್ಲೇ ಇರು, ಅಜ್ಜಾರು ಬರ್ತಾರ," ಎಂದು ನಾನೇ ಅವಳನ್ನು ತಡೆದೆ.

ಅಜ್ಜಾರು ಬಂದರಂತೆ. ವಿಷಯ ಕೇಳಿ ಹೊಸ್ತಿಲ ಹೊರಗೇ ನಿಂತು, "ಪೂಜಿ ಹಿಂದಿರಲಿ ತಾಯಿ, ಮೊದಲ ಆ ಹೆಣ್ಣಮಗಳನ್ನ ನೋಡ್ರಿ," ಎಂದು ಹೋದರಂತೆ.

ಗೋಕಾಕದ ಒಂದು ದವಾಖಾನೆಗೆ ಸೇರಿಸಿದೆವು. ತುಕ್ಕಾನಟ್ಟಿಯಿಂದ ಲಕ್ಕಪ್ಪ ಹೊಲದಲ್ಲಿದ್ದ ಬಟ್ಟೆಯಲ್ಲೇ, ಕಾಲಿಗೆ ಕೆಸರು ಹತ್ತಿದವನು ಹಾಗೆಯೇ ಬೈಕಿನಲ್ಲಿ ಬಂದ. ತಲೆಯ ಸ್ಕ್ಯಾನು ಆಯಿತು. ಹನ್ನೊಂದು ಗಂಟೆಗೆ ಡಾಕ್ಟರ್ ಸುಮಯ್ಯಾ ನಮ್ಮನ್ನು ಲಕ್ಷ್ಮಿಯ ಮಂಚದ ಹತ್ತಿರ ಕರೆದರು. ಮೂವತ್ತೈದು ದಾಟಿರದ ಹೆಣ್ಣುಮಗಳು, ನನ್ನ ಎಷ್ಟೋ ವಿದ್ಯಾರ್ಥಿಗಳ ವಯಸ್ಸಿನವರು. ಲಕ್ಷ್ಮಿಯ ಕಣ್ಣು ಅರ್ಧ ತೆರೆದಿತ್ತು, ಮಾತಿರಲಿಲ್ಲ.

"ಸ್ಕ್ಯಾನಿನ್ಯಾಗ ಎದ್ದ ಕಾಣೂವಂಥಾದ್ದೇನಿಲ್ಲ," ಎಂದರು ಡಾಕ್ಟರು. "ತಲಿಬ್ಯಾನಿ ಎಷ್ಟ ದಿನದಿಂದ ಐತಿ?"

ಉಮೇಶ ಎಲ್ಲ ಹೇಳಿದ. ವಾರದ ನೋವು, ಕುಳಿತು ನಿದ್ದೆ ಮಾಡಿದ್ದು, ವಾಂತಿ, ಕಣ್ಣಿನ ಕತ್ತಲು. ಡಾಕ್ಟರು ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಯಾವದರ ಗುಳಿಗಿ ತಗೋತಾರೇನ್ರಿ? ಮಕ್ಕಳಾಗಬಾರದಂತ, ಇಲ್ಲಾ ಮುಟ್ಟ ಮುಂದ ಹಾಕಾಕ?"

"ನನಗ ಗೊತ್ತಿದ್ದಂಗ ಇಲ್ರಿ," ಎಂದ ಉಮೇಶ. ನನ್ನ ಕಡೆ ತಿರುಗಿದ. "ಅಪ್ಪಾ, ಅವ್ವಾ ಏನರ ಕೊಟ್ಟಾಳೇನು?"

ನಾನು ಬಾಯಿ ತೆರೆಯುವ ಮೊದಲೇ ಸತ್ತೆಪ್ಪ ಮುಂದೆ ಬಂದ. "ಡಾಕ್ಟರ್ ಅಕ್ಕಾರ, ಆ ಮಾತ ಬ್ಯಾರೆ ಮನ್ಯಾವ್ರನ್ನ ಕೇಳ್ರಿ. ಇವರು ಶಿದ್ರಾಮ ಮಾಸ್ತರು. ಮುಟ್ಟು ಮೈಲಿಗಿ ಏನೂ ಇಲ್ಲಂತ ಇಡೀ ತಾಲೂಕಿಗೆ ತಿಳಿಸಿ ಹೇಳಿದಾವ್ರು. ಇವರ ಮನ್ಯಾಗ ಆ ಗುಳಿಗಿ ಯಾಕ ಬರತಾವು?"

ಡಾಕ್ಟರು ಅವನ ಮಾತಿಗೆ ಕಿವಿಗೊಡಲಿಲ್ಲ. ನನ್ನನ್ನೇ ನೋಡಿದರು. "ಹಿರ್ಯಾರು, ನೀವ ಹೇಳ್ರಿ. ಇದು ಭಾಳ ಮುಖ್ಯ ಐತಿ. ತಗೊಂಡಿದ್ರ ನಾ ಈಗಿಂದೀಗ ಬ್ಯಾರೆ ತಪಾಸಣಿ ಮಾಡಸ್ತೇನಿ."

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಗ, ಬೀಗ, ಸತ್ತೆಪ್ಪ, ಬಾಗಿಲಲ್ಲಿ ನಿಂತ ಊರಿನ ಇನ್ನಿಬ್ಬರು. ಹೌದು ಎಂದರೆ ಸಂಜೆಯೊಳಗೆ ಬಾಗೇವಾಡಿಯಲ್ಲಿ ಗುಲ್ಲು. ಮಾಸ್ತರನ ಭಾಷಣ ಊರಿಗೆ, ಗುಳಿಗೆ ಮನೆಗೆ. ಈ ಲೆಕ್ಕವನ್ನು ನಾನು ನಿಧಾನವಾಗಿ ಹಾಕಲಿಲ್ಲ, ರೆಪ್ಪೆ ಬಡಿಯುವಷ್ಟರಲ್ಲಿ ಅದು ತಾನೇ ಆಗಿಹೋಗಿತ್ತು.

"ಇಲ್ಲ," ಎಂದೆ. "ನಮ್ಮ ಮನ್ಯಾಗ ಅಂಥಾದ್ದೇನಿಲ್ಲ."

ದನಿ ನಡುಗಲಿಲ್ಲ. ಸಭೆಯಲ್ಲಿ ಆಡಿದಷ್ಟೇ ಸ್ಪಷ್ಟವಾಗಿತ್ತು. ಡಾಕ್ಟರು, "ಹಂಗಾರ ಮಿದುಳಿಗೆ ಸೋಂಕ ಆಗೇತೇನ ನೋಡೂಣು," ಎಂದು ನರ್ಸಿಗೆ ಏನೋ ಬರೆದುಕೊಟ್ಟರು.

ಮಧ್ಯಾಹ್ನ ಎರಡಕ್ಕೆ ಲಕ್ಷ್ಮಿಗೆ ಇನ್ನೊಮ್ಮೆ ಫಿಟ್ಸ್ ಬಂತು. ಮೂರಕ್ಕೆ ಬಲಗೈ ಎತ್ತಲು ಹೇಳಿದರೆ ಬೆರಳಷ್ಟೇ ಅಲುಗಿತು. ವರಾಂಡದ ಬೆಂಚಿನ ಮೇಲೆ ಲಕ್ಕಪ್ಪ ನನ್ನ ಬಾಜೂ ಕುಳಿತಿದ್ದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ನನ್ನನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತಾನೆ.

"ಮಾಸ್ತರ, ನೀವು ನಾಕ ಅಕ್ಷರ ಓದಿದಾವ್ರು. ಡಾಕ್ಟರ್ ಅಂದದ್ದು ನನಗ ತಿಳಿಯಂಗಿಲ್ಲ. ಮಗಳ ಉಳೀತಾಳಲ್ರಿ?"

"ಉಳೀತಾಳ," ಎಂದೆ. ಆಗಲೂ ನಾನು ಎದ್ದು ಹೋಗಲಿಲ್ಲ. ಈ ಮಾತು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯಬೇಕು. ಅವನ ಮುಖ ನೋಡಿಯೂ ನಾನು ಎದ್ದು ಹೋಗಲಿಲ್ಲ.

ನಾಲ್ಕು ಗಂಟೆಗೆ ಫೋನು ಬಂತು. ಫಯಾಜ. ಸುದ್ದಿ ಹುಕ್ಕೇರಿ ಮುಟ್ಟಿತ್ತು.

"ಸರ, ಆ ಗುಳಿಗಿ ವಿಷಯಾ ಡಾಕ್ಟರ್‌ಗೆ ಹೇಳೀರಲ್ರಿ?"

"ಹೇಳೇನಿ," ಎಂದೆ.

"ಹೇಳಿದ್ರ ಚಲೋ ಆತ್ರಿ. ನನಗ ಜೀವಾ ತಡೀವಲ್ದು. ಅಂಗಡಿ ಮುಚ್ಚಿ ಬರಾಕತ್ತೇನ್ರಿ ಸರ. ಯಾವ ಗುಳಿಗಿ, ಎಷ್ಟ ದಿನಾ ಕೊಟ್ಟೇನಿ ಅಂತ ನಾನೂ ಅವರ ಮುಂದ ಹೇಳ್ತೇನಿ."

ನಾನು ಎದ್ದೆ. ನನ್ನ ಆತ್ಮಸಾಕ್ಷಿ ಎಚ್ಚರವಾಯಿತು ಎಂದು ಬರೆದರೆ ಓದುವವರಿಗೂ ಸಮಾಧಾನ, ನನಗೂ ಸಮಾಧಾನ. ಆದರೆ ಅದು ಸುಳ್ಳು. ಫಯಾಜ ಬಂದು ಎಲ್ಲರೆದುರು ಹೇಳಿಬಿಡುತ್ತಾನೆಂಬ ಅಂಜಿಕೆ ನನ್ನನ್ನು ಎಬ್ಬಿಸಿತು. ಹುಕ್ಕೇರಿಯಿಂದ ಗೋಕಾಕಕ್ಕೆ ಬೈಕಿನಲ್ಲಿ ಒಂದು ತಾಸಿನ ದಾರಿ.

ಡಾಕ್ಟರ್ ಸುಮಯ್ಯಾ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಬಾಗಿಲು ಹಾಕಿಕೊಂಡು ಒಳಗೆ ಹೋದೆ. ಗುಳಿಗೆಯ ಹೆಸರು ಹೇಳಿದೆ. ದಿನಕ್ಕೆ ಮೂರು, ಇಪ್ಪತ್ತನಾಲ್ಕು ದಿನ ಎಂದೆ. ಅವರು ಥಟ್ಟನೆ ಎದ್ದು ನಿಂತರು.

"ಮುಂಜಾನಿ ಕೇಳಿದ್ನೆಲ್ರಿ?"

"ನನಗ ಗೊತ್ತಿರಲಿಲ್ರಿ," ಎಂದೆ. "ಈಗ ಮನಿಗೆ ಫೋನ್ ಹಚ್ಚಿ ಕೇಳಿದ್ನಿ. ನಮ್ಮಾಕಿ ಕೊಟ್ಟಾಳಂತ."

ಸುಳ್ಳು ಅಲ್ಲಿಗೆ ಬಂದು ನಿಂತಿತು, ಬಾಗೇವಾಡಿಯ ಮನೆಯಲ್ಲಿ ಹೋಳಿಗೆಯ ಹೂರಣದ ಪಾತ್ರೆಯ ಮುಂದೆ ಅಳುತ್ತ ಕುಳಿತಿದ್ದ ಗೌರವ್ವನ ತಲೆಯ ಮೇಲೆ.

ಡಾಕ್ಟರು ನನ್ನನ್ನು ಹೆಚ್ಚು ಕೇಳಲು ನಿಲ್ಲಲಿಲ್ಲ, ಓಡಿದರು. ಅರ್ಧ ತಾಸಿನಲ್ಲಿ ಲಕ್ಷ್ಮಿಯನ್ನು ಇನ್ನೊಂದು ತಪಾಸಣೆಗೆ ಒಯ್ದರು, ತಲೆಯೊಳಗಿನ ರಕ್ತನಾಳಗಳನ್ನೇ ತೋರಿಸುವಂಥದು. ಸಂಜೆ ನನ್ನನ್ನೂ ಲಕ್ಕಪ್ಪ, ಉಮೇಶರನ್ನೂ ಕೂರಿಸಿಕೊಂಡು, ನಾನು ಕಟ್ಟಿದ ಫೋನಿನ ಕಥೆಯನ್ನೂ ಸೇರಿಸಿ ತಿಳಿಸಿ ಹೇಳಿದರು.

"ಮಿದುಳಿಗೆ ರಕ್ತ ಒಯ್ಯೂ ನಾಳ ಬ್ಯಾರೆ, ಅಲ್ಲಿಂದ ಹೊಳ್ಳಿ ತರೂ ನಾಳ ಬ್ಯಾರೆ. ಈಕಿಗೆ ಹೊಳ್ಳಿ ತರೂ ನಾಳದಾಗ ರಕ್ತ ಹೆಪ್ಪ ಗಟ್ಟೇತಿ. ಗಟಾರ ಕಟ್ಟಿದ್ರ ನೀರು ಮನ್ಯಾಗ ನಿಲ್ಲೂದಿಲ್ಲೇನ್ರಿ, ಹಂಗ. ಒಳಗ ಒತ್ತಡ ಏರತೈತಿ. ಅದಕ್ಕ ಮಲಗಿದ್ರ ನೋವು, ಕಣ್ಣ ಕತ್ತಲು, ಫಿಟ್ಸು, ಕೈ ಸೋಲೂದು."

"ಆ ಗುಳಿಗಿಯಿಂದನ ಆತೇನ್ರಿ?" ಎಂದು ಉಮೇಶ ಕೇಳಿದ.

"ಗುಳಿಗಿ ಒಂದಽ ಅಂತ ಹೇಳಾಕ ಬರಂಗಿಲ್ಲ. ಸಾವಿರಾರು ಮಂದಿ ತಗೋತಾರ, ಏನೂ ಆಗೂದಿಲ್ಲ. ಆದ್ರ ಕೇಳದ ತಗೋಬಾರದು. ಈಕಿ ಮೈಯಾಗ ರಕ್ತ ಕಡಿಮಿ ಐತಿ, ನೀರಿಲ್ಲದ ಉಪಾಸ ಮಾಡ್ಯಾಳ, ಅದರ ಮ್ಯಾಲ ಇಷ್ಟ ದಿನದ ಗುಳಿಗಿ. ಬಾಣಂತ್ಯಾರಿಗೂ ಹಿಂಗ ಆಗತೈತಿ. ಕೆಲವರಿಗೆ ಹುಟ್ಟಿನಿಂದನ ರಕ್ತ ಲಗೂನ ಹೆಪ್ಪ ಗಟ್ಟೂ ಗುಣ ಇರತೈತಿ, ಅದನ್ನೂ ಮುಂದ ನೋಡೂಣು. ಈಗ ಹೆಪ್ಪು ಬೆಳೀದಂಗ ಇಂಜೆಕ್ಷನ್ ಚಾಲೂ ಮಾಡೇವಿ. ಮುಂಜಾನಿನ ಚಾಲೂ ಆಗಿದ್ರ..." ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡಿದರು. "ಇರಲಿ. ಈಗರ ತಿಳೀತಲ್ಲ."

ಲಕ್ಕಪ್ಪ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. "ನೀವ ಮನಿಗೆ ಫೋನ್ ಹಚ್ಚಿ ಕೇಳದಿದ್ರ ನನ್ನ ಮಗಳ ಹೋಗತಿದ್ಲ್ರಿ ಮಾಸ್ತರ," ಎಂದು ಕೈಗಳನ್ನು ಕಣ್ಣಿಗೆ ಒತ್ತಿಕೊಂಡ. ಅವನ ಕಣ್ಣೀರು ನನ್ನ ಅಂಗೈಗೆ ಹತ್ತಿತು. ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ. ಅಷ್ಟರಲ್ಲಿ ಫಯಾಜ ಬಂದು ಬಾಗಿಲಲ್ಲಿ ನಿಂತಿದ್ದ. ನನ್ನನ್ನೊಮ್ಮೆ, ಲಕ್ಕಪ್ಪನನ್ನೊಮ್ಮೆ ನೋಡಿ, ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತ. ಆ ದಿನದಿಂದ ನಾನು ಅವನ ಅಂಗಡಿಯಿರುವ ರಸ್ತೆಯನ್ನೇ ಬಿಟ್ಟೆ.

ಹದಿಮೂರು ದಿನಕ್ಕೆ ಲಕ್ಷ್ಮಿ ಮನೆಗೆ ಬಂದಳು. ಜೀವ ಉಳಿದಿತ್ತು. ಬಲಗೈ ಸೋತಿತ್ತು. ಮಾತು ತುಂಡುತುಂಡಾಗಿತ್ತು, ಶಬ್ದ ಹುಡುಕಿ ಹುಡುಕಿ ಸಿಗದೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳು. ಮಗ್ಗಿಯನ್ನು ನೀರು ಕುಡಿದ ಹಾಗೆ ಹೇಳುತ್ತಿದ್ದ ಹುಡುಗಿಗೆ ಏಳರ ಮಗ್ಗಿ ಮೂರರ ಮುಂದೆ ಹೋಗುತ್ತಿರಲಿಲ್ಲ. ಉಮೇಶ ತಾಯಿಯ ಮೇಲೆ ಹರಿಹಾಯ್ದ. "ನಿನ್ನ ಮಡಿ ನನ್ನ ಹೇಣ್ತಿ ನಾಲಿಗಿ ತಗೊಂತು," ಎಂದು ಪಡಸಾಲೆಯಲ್ಲಿ ನಿಂತು ಒದರಿದ. ಆಮೇಲೆ ತಿಂಗಳುಗಟ್ಟಲೆ ಅವಳ ಕೈಯ ಚಹಾ ಕುಡಿಯಲಿಲ್ಲ. ಗೌರವ್ವ ಎದುರು ಮಾತಾಡಲಿಲ್ಲ. ಒಂದು ಮಧ್ಯಾಹ್ನ ಅಕ್ಕಿ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ ನನಗಷ್ಟೇ ಕೇಳುವ ಹಾಗೆ ಹೇಳಿದಳು.

"ನೀವ ತಂದ ಕೊಟ್ಟಿದ್ರಿ ಅಂತ ನಾ ಯಾರ ಮುಂದೂ ಹೇಳಂಗಿಲ್ಲ. ಅಂಜಬ್ಯಾಡ್ರಿ."

ಅವಳು ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಹಿತ್ತಿಲ ಕೋಣೆಯ ಬಾಗಿಲನ್ನು ಅವಳೇ ಕೀಲಿ ಹಾಕಿ, ಒಳಗೆ ಕಟ್ಟಿಗೆ ಒಟ್ಟಿದಳು. ನಾನು ಮಾಡಿದ್ದು ಏನೂ ಇಲ್ಲ.

ಊರಿನಲ್ಲಿ ನನ್ನ ಹೆಸರು ಮಾತ್ರ ಇನ್ನಷ್ಟು ಬೆಳೆಯಿತು. ಹೆಂಗಸರ ವಿಷಯವನ್ನು ಸಂಕೋಚವಿಲ್ಲದೆ ಡಾಕ್ಟರ ಮುಂದೆ ಆಡಿ ಸೊಸೆಯನ್ನು ಉಳಿಸಿಕೊಂಡ ಮಾಸ್ತರು ಎಂದು ಸತ್ತೆಪ್ಪ ಸಿಕ್ಕಸಿಕ್ಕಲ್ಲಿ ಹೇಳಿದ. ನಾನು ಬೇಡವೆನ್ನಲಿಲ್ಲ. ಮೊದಮೊದಲು ತಲೆ ತಗ್ಗಿಸುತ್ತಿದ್ದೆ, ಜನ ಅದನ್ನು ವಿನಯವೆಂದು ತಿಳಿದರು.

ಎಂಟು ತಿಂಗಳು ಕಳೆದವು. ಈ ಸಲದ ಬಸವ ಜಯಂತಿಗೆ ನನಗೆ ಸತ್ಕಾರ ಎಂದು ಸಮಿತಿಯವರು ನಿರ್ಧರಿಸಿದರು. ಮೊನ್ನೆ ಸತ್ತೆಪ್ಪ ಕರೆಯೋಲೆ ಕೊಟ್ಟು ಹೋದ. ಉಮೇಶ ಕೆಲಸಕ್ಕೆ ಹೋಗಿದ್ದ, ಗೌರವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಲಕ್ಷ್ಮಿ ಪಡಸಾಲೆಯಲ್ಲಿ ಕುಳಿತು ಓದುವ ಅಭ್ಯಾಸ ಮಾಡುತ್ತಿದ್ದಳು. ದಿನಕ್ಕೆ ಒಂದು ತಾಸು ಏನಾದರೂ ಗಟ್ಟಿಯಾಗಿ ಓದಬೇಕೆಂದು ಗೋಕಾಕದ ಡಾಕ್ಟರು ಹೇಳಿದ್ದರು. ಎಡಗೈಯಿಂದ ಆ ಕರೆಯೋಲೆಯನ್ನು ಎತ್ತಿಕೊಂಡು, ಸಣ್ಣ ಮಕ್ಕಳ ಹಾಗೆ ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದಳು.

"ನು... ಡಿ... ದಂತೆ. ನ... ಡೆದ. ಮಾಸ್... ಮಾಸ್ತರು."

ಓದಿ ಮುಗಿಸಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಳು. ನನಗೆ ಕೂರಲಾಗಲಿಲ್ಲ. ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವ ಮೊದಲು ಇವಳಿಗಾದರೂ ಹೇಳಲೇಬೇಕು ಅನಿಸಿತು. ಅವಳ ಮುಂದೆ ನೆಲದ ಮೇಲೆ ಕುಳಿತೆ. ಮಾವ ನೆಲದ ಮೇಲೆ ಕುಳಿತದ್ದು ಕಂಡು ಅವಳು ಏಳಲು ಹೋದಳು, ಬೇಡವೆಂದೆ.

"ಲಕ್ಷ್ಮೀ, ಒಂದ ಮಾತ ಹೇಳ್ತೇನಿ. ಆ ಗುಳಿಗಿ ತಂದಾಂವ ನಾನ. ಅವತ್ತ ಡಾಕ್ಟರು ಹನ್ನೊಂದ ಗಂಟೇಕ್ಕನ ಕೇಳಿದ್ರು. ಗೊತ್ತಿದ್ದೂ ನಾ ಇಲ್ಲ ಅಂದ್ನಿ. ಮಂದಿ ಮುಂದ ಮಾನ ಹೋಗತೈತಂತ ಇಲ್ಲ ಅಂದ್ನಿ. ನಿಮ್ಮ ಅತ್ತಿ ಮ್ಯಾಲ ಹಾಕಿದ್ನಿ."

ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಶಬ್ದ ಹುಡುಕುವಾಗ ಮಾಡುವ ಹಾಗೆ ತುಟಿ ಕೂಡಿಸಿದಳು.

"ಗೊತ್ತ... ಐತ್ರಿ."

"ಯಾರ ಹೇಳಿದ್ರು? ಫಯಾಜ ಹೇಳಿದ್ನೇನು?"

ಅಲ್ಲವೆಂದು ತಲೆ ಅಲ್ಲಾಡಿಸಿದಳು. "ಕೇ... ಕೇಳಸ್ತಿತ್ರಿ. ಮಂಚದ ಮ್ಯಾಲ. ಎಲ್ಲಾ ಕೇಳಸ್ತಿತ್ತು. ಗುಳಿಗಿ ನೀವ ತಂದದ್ದು... ಮೊದಲ ಗೊತ್ತಿತ್ರಿ. ಹೌದು... ಹೌದು ಅನ್ನಬೇಕಂತ ಮಾಡಿದ್ನಿ."

ಎಂಟು ತಿಂಗಳು ಈ ಹುಡುಗಿ ನನಗೆ ಎಡಗೈಯಿಂದ ನೀರಿನ ತಂಬಿಗೆ ಕೊಟ್ಟಿದ್ದಳು. ಲಕ್ಕಪ್ಪ ಬಂದಾಗಲೆಲ್ಲ ನನ್ನನ್ನು ಹೊಗಳುತ್ತಿದ್ದುದನ್ನು ಕೇಳಿಸಿಕೊಂಡು ಸುಮ್ಮನೆ ಕುಳಿತಿದ್ದಳು.

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲವಾ?" ಎಂದೆ.

"ನೀವ ಹೇಳ್ತೀರಂತ... ಕಾದ್ನಿ."

ಕರೆಯೋಲೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. ಆಮೇಲೆ, ಬಹಳ ದಿನಗಳ ನಂತರ ಮೊದಲ ಬಾರಿಗೆ, ಎಲ್ಲಿಯೂ ತಡೆಯದೆ ಕೇಳಿದಳು.

"ಅವತ್ತ ನನ್ನ ನಾಲಿಗಿ ಬಿದ್ದಿತ್ರಿ, ಮಾವಾರ. ನಿಮ್ಮದಕ್ಕೇನಾಗಿತ್ತು?"